ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಅಮ್ಮನನ್ನು ಸೇರಿಸಲು ಹೆದರಬೇಕಾ?

ನೀವು ಕೇಳಿದ್ದು ಇಷ್ಟು: ಅಮ್ಮನಿಗೆ ಒಂದು ತಿಂಗಳಿಂದ ಜ್ವರ ಬಂದು ಹೋಗುತ್ತಿದೆ, ಕಾರಣ ಸಿಕ್ಕಿಲ್ಲ. ನಿಮ್ಮ ಡಾಕ್ಟರು ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಬರೆದುಕೊಟ್ಟಿದ್ದಾರೆ. ಮನೆಯವರು ಮಾತ್ರ "ಅಲ್ಲಿ ಹುಡುಗರು ರೋಗಿಗಳ ಮೇಲೆ ಕಲಿಯುತ್ತಾರೆ, ಸಂಶೋಧನೆ ಅಂತ ಏನೇನೋ ಕೊಡುತ್ತಾರೆ" ಎಂದು ಹೆದರಿಸುತ್ತಿದ್ದಾರೆ.

ಕರೆದುಕೊಂಡು ಹೋಗಿ. ತಡ ಮಾಡಬೇಡಿ. ನಾನು ಇಂಥದ್ದೇ ಆಸ್ಪತ್ರೆಯಲ್ಲಿ ಓದಿ, ಈಗ ಜನರಲ್ ಮೆಡಿಸಿನ್ ಕಲಿಸುತ್ತಿರುವ ಡಾಕ್ಟರ್. ಆದರೆ ನಿಮ್ಮ ಮನೆಯವರ ಭಯ ಸುಮ್ನೆ ಹುಟ್ಟಿದ್ದಲ್ಲ. ಅದಕ್ಕೊಂದು ಇತಿಹಾಸ ಇದೆ, ಅದನ್ನೂ ಹೇಳುತ್ತೇನೆ.

ಮೊದಲು ವಾರ್ಡಿನ ವಿಷಯ. ಅಮ್ಮ ಸೇರಿದ ದಿನ ಒಬ್ಬ ಇಂಟರ್ನ್ ಬಂದು ಎಲ್ಲ ಕೇಳುತ್ತಾರೆ. ಆಮೇಲೆ ಪಿ.ಜಿ. (ಎಂಬಿಬಿಎಸ್ ಮುಗಿಸಿ ಮುಂದೆ ಓದುತ್ತಿರುವ ಡಾಕ್ಟರು) ಬಂದು ಅದನ್ನೇ ಕೇಳುತ್ತಾರೆ. ಸಂಜೆ ಇನ್ನೊಬ್ಬರು. "ಎಷ್ಟು ಸಲ ಹೇಳಬೇಕಪ್ಪಾ" ಅನ್ನಿಸುತ್ತದೆ. ದಯವಿಟ್ಟು ಮೂರನೇ ಸಲವೂ ಹೇಳಿ. ಮೊದಲ ಸಲ ಮರೆತದ್ದು ಮೂರನೇ ಸಲಕ್ಕೆ ನೆನಪಾಗುವುದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ಮರುದಿನ ಬೆಳಿಗ್ಗೆ ರೌಂಡ್ಸ್. ಕಿರಿಯ ಡಾಕ್ಟರು ಮಂಚದ ಪಕ್ಕ ನಿಂತು ಇಡೀ ಕೇಸನ್ನು ಎಲ್ಲರೆದುರು ಹೇಳಬೇಕು. ಪ್ರೊಫೆಸರ್ ಕೇಳುವ ಪ್ರಶ್ನೆ ಒಂದೇ: "ಯಾಕೆ?" ಈ ಟೆಸ್ಟ್ ಯಾಕೆ, ಈ ಆಂಟಿಬಯಾಟಿಕ್ ಯಾಕೆ, ನಿನ್ನೆ ನಿಲ್ಲಿಸಿದ್ದು ಯಾಕೆ. ಅಷ್ಟು ಜನರ ಮುಂದೆ ಕಾರಣ ಕೊಡಲಾಗದ ಔಷಧಿ ಕೇಸ್ ಶೀಟಿನಲ್ಲಿ ಜಾಸ್ತಿ ದಿನ ಉಳಿಯುವುದು ಕಷ್ಟ. ಒಬ್ಬರೇ ಡಾಕ್ಟರ್ ಇರುವ ಕಡೆ ಈ "ಯಾಕೆ" ಕೇಳಲು ಯಾರೂ ಇರುವುದಿಲ್ಲ, ಅಲ್ವಾ?

ನನ್ನ ಕಣ್ಣೆದುರೇ ನಡೆದದ್ದೊಂದು ಹೇಳುತ್ತೇನೆ. ನಿಮ್ಮ ಅಮ್ಮನ ಹಾಗೆಯೇ ವಾರಗಟ್ಟಲೆ ಜ್ವರವಿದ್ದ ಒಬ್ಬ ಹೆಂಗಸು. ರಕ್ತ, ಕಫ, ಸ್ಕ್ಯಾನ್ ಎಲ್ಲ ಆಗಿತ್ತು, ಏನೂ ಸಿಕ್ಕಿರಲಿಲ್ಲ. ನಾವು ದೊಡ್ಡ ದೊಡ್ಡ ಕಾಯಿಲೆಗಳನ್ನೇ ಯೋಚಿಸುತ್ತಿದ್ದೆವು. ಮೂರನೇ ವರ್ಷದ ಒಬ್ಬಳು ವಿದ್ಯಾರ್ಥಿನಿಗೆ ಆ ಕೇಸ್ ಬರೆಯಲು ಹೇಳಿದ್ದೆ. ಅವಳು ಆ ತಾಯಿಯ ಕೈಚೀಲದಲ್ಲಿದ್ದ ಮಾತ್ರೆಗಳನ್ನೆಲ್ಲ ಬೆಡ್‌ಶೀಟಿನ ಮೇಲೆ ಸಾಲಾಗಿ ಹರಡಿದಳು. ಒಂದೊಂದೇ ಪಟ್ಟಿ ಎತ್ತಿ, "ಇದು ಯಾವಾಗಿಂದ?" ಎಂದು ಕೇಳಿ, ಪುಸ್ತಕದ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು ತಾರೀಖು ಹಾಕಿದಳು. ಫಿಟ್ಸ್‌ಗೆಂದು ಕೊಟ್ಟಿದ್ದ ಒಂದು ಮಾತ್ರೆ ಶುರುವಾಗಿ ಎರಡು ವಾರಕ್ಕೆ ಜ್ವರ ಶುರುವಾಗಿತ್ತು. ಕೆಲವರಿಗೆ ಔಷಧಿಯೇ ಜ್ವರ ತರುತ್ತದೆ. ಪುಸ್ತಕದಲ್ಲಿ ನಾವೆಲ್ಲ ಓದಿದ್ದೇ, ಆದರೆ ಅಲ್ಲಿ ಕೂತು ಕೇಳುವ ಪುರುಸೊತ್ತು ನಮಗಿರಲಿಲ್ಲ, ಅವಳಿಗಿತ್ತು. ಮಾತ್ರೆ ಬದಲಿಸಿದೆವು. ಮೂರನೇ ದಿನ ಜ್ವರದ ಚಾರ್ಟಿನ ಗೆರೆ ಕೆಳಗಿಳಿದು ಅಲ್ಲೇ ನಿಂತಿತು. (ಇದನ್ನು ಓದಿ ಅಮ್ಮನ ಮಾತ್ರೆ ನೀವೇ ನಿಲ್ಲಿಸಬೇಡಿ. ಕೆಲವು ಔಷಧಿ ಥಟ್ಟನೆ ನಿಲ್ಲಿಸಿದರೆ ಅಪಾಯ.)

ಈಗ ಮನೆಯವರ ಭಯ. ಕಲಿಯುವವರಿಂದ ರೋಗಿಗಳಿಗೆ ಹಾನಿ ಆದದ್ದು ನಿಜ. 1840ರ ದಶಕದಲ್ಲಿ ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. 1846ರಲ್ಲಿ ವಿದ್ಯಾರ್ಥಿಗಳ ವಿಭಾಗದಲ್ಲಿ ನೂರಕ್ಕೆ 11ಕ್ಕೂ ಹೆಚ್ಚು ತಾಯಂದಿರು ಬಾಣಂತಿ ಜ್ವರದಿಂದ ಸತ್ತರು. ಇನ್ನೊಂದರಲ್ಲಿ 3ಕ್ಕಿಂತ ಕಡಿಮೆ. ಮೊದಲ ವಿಭಾಗಕ್ಕೆ ಹಾಕಬೇಡಿ ಎಂದು ಹೆಂಗಸರು ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದರು. ಅಲ್ಲಿ ಕೆಲಸ ಮಾಡುತ್ತಿದ್ದ ಡಾಕ್ಟರ್ ಇಗ್ನಾಜ್ ಸೆಮೆಲ್‌ವೈಸ್‌ಗೆ ಇದು ನಿದ್ದೆಗೆಡಿಸಿತ್ತು. 1847ರಲ್ಲಿ ಅವರ ಸ್ನೇಹಿತ ಯಾಕೊಬ್ ಕೊಲೆಚ್ಕಾ ಶವಪರೀಕ್ಷೆ ಮಾಡುವಾಗ ಚಾಕು ತಗುಲಿ, ಅದೇ ಥರದ ಸೋಂಕಿನಿಂದ ಸತ್ತರು. ಆಗ ಹೊಳೆಯಿತು: ಶವ ಮುಟ್ಟಿದ ಕೈಯಲ್ಲೇ ವಿದ್ಯಾರ್ಥಿಗಳೂ ಡಾಕ್ಟರುಗಳೂ ಹೆರಿಗೆ ವಾರ್ಡಿಗೆ ಬರುತ್ತಿದ್ದಾರೆ. ಆ ವರ್ಷದ ಮೇ ತಿಂಗಳಿಂದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದರು. 1848ರಲ್ಲಿ ಎರಡೂ ವಿಭಾಗಗಳಲ್ಲಿ ಸಾವು ನೂರಕ್ಕೆ ಹೆಚ್ಚುಕಡಿಮೆ 1.3ಕ್ಕೆ ಬಂತು.

ಈ ಕಥೆ ಹೇಳಿಕೊಡುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಕೊಂದದ್ದು ಕಲಿಸುವ ಆಸ್ಪತ್ರೆ. ಕಾರಣ ಕಂಡುಹಿಡಿದದ್ದೂ ಅದೇ. ಅಲ್ಲಿ ಪ್ರತಿ ಹೆರಿಗೆ, ಪ್ರತಿ ಸಾವು ಲೆಕ್ಕದ ಪುಸ್ತಕದಲ್ಲಿ ಇತ್ತು. ಪಕ್ಕಪಕ್ಕದ ಎರಡು ವಿಭಾಗಗಳನ್ನು ಹೋಲಿಸಿ ನೋಡಲು ಆಗಿದ್ದು ಅದರಿಂದ. ಎಣಿಸದೇ ಇರುವ ಕಡೆಯೂ ಜನ ಸಾಯುತ್ತಾರೆ, ಆದರೆ ಯಾಕೆ ಎಂದು ಯಾರಿಗೂ ತಿಳಿಯುವುದಿಲ್ಲ. ಇವತ್ತಿಗೂ ನಮ್ಮಲ್ಲಿ ಸಾವುಗಳ ಬಗ್ಗೆ ಮೀಟಿಂಗ್ ಇರುತ್ತದೆ. ಯಾವ ಹಂತದಲ್ಲಿ ಬೇರೆ ಏನು ಮಾಡಬಹುದಿತ್ತು ಎಂದು ಎಲ್ಲರೆದುರು ಒಪ್ಪಿಕೊಳ್ಳಬೇಕು. ನಾನೂ ಅಲ್ಲಿ ತಲೆ ತಗ್ಗಿಸಿ ನಿಂತಿದ್ದೇನೆ.

ಸಂಶೋಧನೆ ಅಂದರೆ ಹೊಸ ಔಷಧಿ ಕೊಟ್ಟು ನೋಡುವುದು ಮಾತ್ರ ಎಂದುಕೊಳ್ಳುತ್ತಾರೆ. ಅಂಥದ್ದೂ ಇದೆ. 1922ರ ಜನವರಿಯಲ್ಲಿ ಕೆನಡಾದ ಟೊರೊಂಟೊ ಜನರಲ್ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯಿದ್ದ 14 ವರ್ಷದ ಲೆನಾರ್ಡ್ ಥಾಂಪ್ಸನ್‌ಗೆ ಮೊದಲ ಇನ್ಸುಲಿನ್ ಇಂಜೆಕ್ಷನ್ ಕೊಟ್ಟರು. ಅದು ಸರಿಯಾಗಿ ಕೆಲಸ ಮಾಡಲಿಲ್ಲ. ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಜೇಮ್ಸ್ ಕಾಲಿಪ್ ಅದನ್ನು ಶುದ್ಧ ಮಾಡಿಕೊಟ್ಟರು. 12 ದಿನಕ್ಕೆ ಮತ್ತೆ ಕೊಟ್ಟಾಗ ಹುಡುಗನ ಸಕ್ಕರೆ ಇಳಿಯಿತು, ಅವನು ಮತ್ತೆ 13 ವರ್ಷ ಬದುಕಿದ. ಲ್ಯಾಬೂ ವಾರ್ಡೂ ಒಂದೇ ವಿಶ್ವವಿದ್ಯಾಲಯದ ನೆರಳಲ್ಲಿ ಇದ್ದುದರಿಂದ ಇಷ್ಟು ಬೇಗ ಆಯಿತು.

ಆದರೆ ನಿಮ್ಮ ಅಮ್ಮನಿಗೆ ನೇರವಾಗಿ ಸಿಗುವುದು ಬೇರೆ ಥರದ ಸಂಶೋಧನೆಯ ಫಲ. 1961ರಲ್ಲಿ ರಾಬರ್ಟ್ ಪೀಟರ್ಸ್‌ಡಾರ್ಫ್, ಪಾಲ್ ಬೀಸನ್ ಎಂಬ ಇಬ್ಬರು ಡಾಕ್ಟರುಗಳು ಕಾರಣ ತಿಳಿಯದ ಜ್ವರದ 100 ಕೇಸುಗಳನ್ನು ಕೂಡಿಸಿ ಬರೆದರು. 38.3 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು, ಮೂರು ವಾರಕ್ಕಿಂತ ಜಾಸ್ತಿ, ಒಂದು ವಾರ ಆಸ್ಪತ್ರೆಯಲ್ಲಿ ಪರೀಕ್ಷಿಸಿದರೂ ಕಾರಣ ಸಿಗದ ಜ್ವರ ಎಂದು ಅದಕ್ಕೊಂದು ಗೆರೆ ಹಾಕಿದರು. ಸೋಂಕು, ಕ್ಯಾನ್ಸರ್, ದೇಹದ ರಕ್ಷಣಾ ವ್ಯವಸ್ಥೆ ತಾನೇ ತಿರುಗಿಬೀಳುವ ಕಾಯಿಲೆಗಳು, ಹೀಗೆ ಎಲ್ಲಿ ಹುಡುಕಬೇಕೆಂದು ತೋರಿಸಿದರು. ಇಂಥ ಜ್ವರ ಬಂದರೆ ನಾವು ಇವತ್ತಿಗೂ ಮೊದಲು ಅದೇ ದಾರಿಯಲ್ಲಿ ಯೋಚಿಸುತ್ತೇವೆ. ಅಮ್ಮನ ಕೇಸೂ ಹಾಗೆ ಮುಂದಿನ ಯಾರಿಗೋ ದಾರಿಯಾಗಬಹುದು.

ಒಪ್ಪಿಗೆಯ ವಿಷಯದಲ್ಲಿ ಎಚ್ಚರ ಇರಲಿ. 1951ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಹೆಣ್ಣುಮಗಳ ಗಡ್ಡೆಯಿಂದ ಜೀವಕೋಶ ತೆಗೆದು, ಅವರಿಗೆ ತಿಳಿಸದೇ ಸಂಶೋಧನೆಗೆ ಬಳಸಿದರು. ಆ ಕೋಶಗಳಿಂದ ಲೋಕಕ್ಕೆ ಉಪಕಾರ ಆಗಿದೆ. ಕೇಳದೆ ತೆಗೆದುಕೊಂಡದ್ದು ತಪ್ಪೇ. ಈಗ ಔಷಧಿಯ ಟ್ರಯಲ್‌ಗೆ ಎಥಿಕ್ಸ್ ಕಮಿಟಿ (ರೋಗಿಗಳಿಗೆ ಅನ್ಯಾಯ ಆಗದಂತೆ ನೋಡಿಕೊಳ್ಳುವ ಸಮಿತಿ) ಒಪ್ಪಬೇಕು, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿ ಸಹಿ ತೆಗೆದುಕೊಳ್ಳಬೇಕು. ಬೇಡ ಅಂದರೆ ಬೇಡ. ಒಪ್ಪಿದ ಮೇಲೂ ಹೊರಬರಬಹುದು, ಅದಕ್ಕಾಗಿ ಚಿಕಿತ್ಸೆ ಕಡಿಮೆ ಮಾಡುವಂತಿಲ್ಲ. ಅವಸರದಲ್ಲಿ ಸಹಿ ಮಾಡಿಸಲು ಬಂದರೆ "ಕೂತು ಓದುತ್ತೇನೆ" ಅನ್ನಿ.

ತೊಂದರೆಗಳೂ ಇವೆ. ಜನ ಜಾಸ್ತಿ, ಕಾಯಬೇಕು. ಹತ್ತು ಜನ ಸುತ್ತ ನಿಂತು ನೋಡುವಾಗ ಅಮ್ಮನಿಗೆ ಮುಜುಗರ ಆಗಬಹುದು. ಪರದೆ ಎಳೆಯಲು ಕೇಳಿ. ವಿದ್ಯಾರ್ಥಿಗಳು ಬೇಡ ಎಂದು ಹೇಳುವ ಹಕ್ಕೂ ಅವರಿಗಿದೆ. ಏನಾದರೂ ಸೂಜಿ ಚುಚ್ಚುವ ಕೆಲಸ ಇದ್ದರೆ "ಜೊತೆಗೆ ಸೀನಿಯರ್ ಯಾರಿರುತ್ತಾರೆ?" ಎಂದು ಧೈರ್ಯವಾಗಿ ಕೇಳಿ. ಒಳ್ಳೆಯ ಯೂನಿಟ್‌ನಲ್ಲಿ ಇದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಹೋಗುವಾಗ ಹಳೆಯ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಳ್ಳಿ. ಜ್ವರ ಎಷ್ಟು ಗಂಟೆಗೆ ಎಷ್ಟಿತ್ತು ಎಂದು ಇವತ್ತಿನಿಂದಲೇ ಬರೆದಿಡಿ. ಅಮ್ಮ ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ, ನಿಲ್ಲಿಸಿದ್ದನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಯಾರಾದರೂ ಒಬ್ಬ ಹುಡುಗಿ ಅದನ್ನು ಹಾಸಿಗೆ ಮೇಲೆ ಹರಡಿ ಕೇಳಿದರೆ, ಪಕ್ಕದಲ್ಲಿ ಕೂತು ಎಲ್ಲ ಹೇಳಿ.