ಬಾಟಾ ಕೊಟ್ಟ ಮೇಲೂ ಡ್ರೈವರ್‌ಗೆ ಟಿಪ್ಸ್ ಕೊಡಬೇಕೇ?

ಅಮೆರಿಕದಿಂದ ಬರುವ ತಮ್ಮನ ಸಂಸಾರದೊಂದಿಗೆ ಬೆಂಗಳೂರಿನಿಂದ ಮೈಸೂರು, ಊಟಿಗೆ ನಾಲ್ಕು ದಿನ ಬಾಡಿಗೆ ಕಾರಿನಲ್ಲಿ ಹೋಗುತ್ತಿದ್ದೀರಿ. ಡ್ರೈವರ್‌ಗೆ ಎಷ್ಟು ಟಿಪ್ಸ್ ಕೊಡಬೇಕು, ಬಾಟಾ ಕೊಟ್ಟ ಮೇಲೂ ಕೊಡಬೇಕೇ, ತಮ್ಮ ಹೇಳುವ ಹಾಗೆ ಬಿಲ್ಲಿನ ಶೇ. 15–20ರಷ್ಟು ಇಲ್ಲಿಯೂ ರೂಢಿಯೇ ಎಂದು ಕೇಳಿದ್ದೀರಿ. ನನ್ನ ತಂದೆ ಮೈಸೂರಿನಲ್ಲಿ ಇಪ್ಪತ್ತೇಳು ವರ್ಷ ಟ್ಯಾಕ್ಸಿ ಓಡಿಸಿದವರು. ಮೊದಲು ಬೇರೆಯವರ ಅಂಬಾಸಿಡರ್, ಕೊನೆಯ ಒಂಬತ್ತು ವರ್ಷ ಸಾಲ ಮಾಡಿ ಕೊಂಡ ಸ್ವಂತ ಇಂಡಿಕಾ. ಆ ಮನೆಯಲ್ಲಿ ಬೆಳೆದವಳಾಗಿ ಉತ್ತರಿಸುತ್ತಿದ್ದೇನೆ.

ಮೊದಲು ಬಾಟಾ ಎಂದರೇನೆಂದು ತಿಳಿದುಕೊಳ್ಳಿ. ಹೊರಗಿನ ಬಾಡಿಗೆಗೆ ಹೋದ ಡ್ರೈವರ್‌ನ ತಿಂಡಿ, ಊಟ, ಸ್ನಾನ, ರಾತ್ರಿ ಮಲಗುವ ಜಾಗ ಇಷ್ಟಕ್ಕೂ ಸೇರಿಸಿ ಕೊಡುವ ದಿನಭತ್ಯೆ ಅದು. ಸಾಮಾನ್ಯವಾಗಿ ದಿನಕ್ಕೆ 300ರಿಂದ 500 ರೂಪಾಯಿ ಇರುತ್ತದೆ; ರಾತ್ರಿ ಹತ್ತರ ನಂತರವೂ ಓಡಿಸಬೇಕಾದರೆ ಅದಕ್ಕೆ ಬೇರೆ ಲೆಕ್ಕ. ಬಿಲ್ಲಿನಲ್ಲಿ ಆ ಸಾಲನ್ನು ನೋಡಿ ಟಿಪ್ಸ್ ಕೊಟ್ಟಾಯಿತು ಎಂದುಕೊಳ್ಳುವವರು ತುಂಬಾ ಜನ ಇದ್ದಾರೆ. ಊಟಿಯಲ್ಲಿ ಮೂರು ಹೊತ್ತು ಉಂಡು ಮಲಗಲು ಒಂದು ಕೋಣೆ ಹಿಡಿದರೆ ಆ ದುಡ್ಡು ಎಲ್ಲಿಗೂ ಸಾಲದು. ಆದ್ದರಿಂದಲೇ ಡ್ರೈವರ್‌ಗಳು ಕೋಣೆ ಹಿಡಿಯುವುದಿಲ್ಲ. ಸೀಟನ್ನು ಹಿಂದಕ್ಕೆ ಬಾಗಿಸಿ, ಕಿಟಕಿಯ ಗಾಜನ್ನು ಒಂದು ಬೆರಳಿನಷ್ಟು ಇಳಿಸಿ, ಕಂಬಳಿ ಹೊದ್ದು ಕಾರಿನಲ್ಲಿಯೇ ಮಲಗುತ್ತಾರೆ. ಡಿಸೆಂಬರಿನ ಊಟಿಯಲ್ಲಿ ಹಾಗೆ ಮಲಗಿ ಬಂದ ಅಪ್ಪನ ಮಂಡಿಗೆ ಅಮ್ಮ ಹರಳೆಣ್ಣೆ ತಿಕ್ಕುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಹಾಗೆ ನಿದ್ದೆಗೆಟ್ಟವರೇ ಮರುದಿನ ನಿಮ್ಮ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯಬೇಕು.

ಹಾಗಾಗಿ ಟಿಪ್ಸ್ ಎಷ್ಟು ಎನ್ನುವುದಕ್ಕಿಂತ ಮೊದಲು ಎರಡು ಕೆಲಸ ಮಾಡಿ. ಹೋಟೆಲ್ ಕಾಯ್ದಿರಿಸುವಾಗಲೇ ಡ್ರೈವರ್ ಮಲಗಲು ಜಾಗವಿದೆಯೇ ಎಂದು ಕೇಳಿ. ಕೆಲವು ಕಡೆ ಡ್ರೈವರ್‌ಗಳಿಗೆಂದೇ ಡಾರ್ಮಿಟರಿ ಇರುತ್ತದೆ. ಇಲ್ಲದಿದ್ದರೆ ಹತ್ತಿರದಲ್ಲಿ ಒಂದು ಹಾಸಿಗೆಯ ಖರ್ಚನ್ನು ನೀವೇ ಹೊರಿ. ಎರಡನೆಯದು, ಕಾರು ಏಜೆನ್ಸಿಯದಾದರೆ ಬಾಟಾ ಡ್ರೈವರ್‌ನ ಕೈಗೇ ಹೋಗುತ್ತದೆಯೇ ಎಂದು ಮುಂಚೆಯೇ ವಿಚಾರಿಸಿ, ಸಾಧ್ಯವಾದರೆ ದಿನದಿನವೂ ಅವರಿಗೇ ಕೊಡುವುದಾಗಿ ಹೇಳಿ. ಬಿಲ್ಲಿನ ಮೂಲಕ ಮಾಲೀಕನ ಕೈ ಸೇರಿದ ಬಾಟಾ ಪೂರ್ತಿಯಾಗಿ ಡ್ರೈವರ್‌ಗೆ ಬಾರದೆ ಹೋದದ್ದನ್ನು ನಮ್ಮ ಮನೆ ಕಂಡಿದೆ.

ಈಗ ಟಿಪ್ಸ್. ಶೇಕಡಾವಾರು ಲೆಕ್ಕ ನಮ್ಮಲ್ಲಿ ಇಲ್ಲ, ಇರಬೇಕಾದ ಅಗತ್ಯವೂ ಇಲ್ಲ. ನಿಮ್ಮ ಬಿಲ್ಲಿನಲ್ಲಿ ಡೀಸೆಲ್ಲು, ಟೋಲು, ಪಾರ್ಕಿಂಗ್, ಹೊರರಾಜ್ಯದ ಪರ್ಮಿಟ್ಟು, ಮಾಲೀಕನ ಪಾಲು ಎಲ್ಲವೂ ಸೇರಿರುತ್ತವೆ. ಅದಕ್ಕೂ ಡ್ರೈವರ್‌ನ ದುಡಿಮೆಗೂ ಏನು ಸಂಬಂಧ? ದಿನದ ಲೆಕ್ಕ ಹಿಡಿಯಿರಿ. ಚೆನ್ನಾಗಿ ಓಡಿಸಿದವರಿಗೆ ನಾಲ್ಕು ದಿನಕ್ಕೆ ಸಾವಿರದಿಂದ ಸಾವಿರದೈನೂರು ರೂಪಾಯಿ ಕೊಡಿ ಎಂದು ನಾನು ಹೇಳುತ್ತೇನೆ. ಏಳೆಂಟು ಜನ, ಕ್ಯಾರಿಯರ್ ಮೇಲೆ ಸೂಟ್‌ಕೇಸುಗಳು, ಬೆಳಿಗ್ಗೆ ನಾಲ್ಕಕ್ಕೆ ಹೊರಡುವುದು ಇವೆಲ್ಲ ಇದ್ದರೆ ಇನ್ನೂ ಐನೂರು ಸೇರಿಸಿ. ಫೋನಿನಲ್ಲಿ ಮಾತನಾಡುತ್ತ ಓಡಿಸಿದರೆ, ಹೇಳಿದರೂ ವೇಗ ಇಳಿಸದಿದ್ದರೆ ಕೊಡಬೇಡಿ, ಕಾರಣವನ್ನೂ ಹೇಳಿ. ಆಗಲೂ ಬಾಟಾ ಮಾತ್ರ ಹಿಡಿಯುವ ಹಾಗಿಲ್ಲ, ಅದು ಅವರಿಗೆ ಸಲ್ಲಬೇಕಾದದ್ದು.

ನಮ್ಮ ಮನೆಯಲ್ಲಿ ಟಿಪ್ಸ್‌ಗೆ ‘ಖುಷಿ ದುಡ್ಡು’ ಎಂಬ ಹೆಸರಿತ್ತು. ಪಾರ್ಟಿ, ಅಂದರೆ ಬಾಡಿಗೆಗೆ ಕರೆದವರು, ಖುಷಿಗೆ ಕೊಟ್ಟದ್ದು ಎಂದು ಅಪ್ಪ ಅದನ್ನು ಬೇರೆ ಜೇಬಿನಲ್ಲಿ ತರುತ್ತಿದ್ದರು, ಅಮ್ಮ ಬೇರೆ ಡಬ್ಬಿಯಲ್ಲಿ ಇಡುತ್ತಿದ್ದರು. ನನ್ನ ಮತ್ತು ತಂಗಿಯ ನೋಟ್‌ಬುಕ್ಕು, ಸಮವಸ್ತ್ರಗಳಿಗೆಲ್ಲ ಆ ಡಬ್ಬಿಯೇ ಗತಿ. ಆದ್ದರಿಂದ ‘ಪ್ರೀತಿಯಿಂದ ಮಾತನಾಡಿಸಿದರೆ ಸಾಕು, ದುಡ್ಡಿನಲ್ಲೇನಿದೆ’ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಉಳಿದ ಮೈಸೂರು ಪಾಕು, ಹಳೆಯ ಅಂಗಿ ಕೊಟ್ಟು ಕಳಿಸುವುದನ್ನೂ ದಯವಿಟ್ಟು ಮಾಡಬೇಡಿ. ನಿಮ್ಮ ತಾಯಿಗೆ ಎಲೆ ಅಡಿಕೆಯೊಂದಿಗೆ ಐನೂರೊಂದು, ಸಾವಿರದೊಂದು ಎಂದು ಕೊಡುವ ಅಭ್ಯಾಸವಿದ್ದರೆ ಹಾಗೆಯೇ ಕೊಡಲಿ, ಯಾವ ಡ್ರೈವರ್ ಆದರೂ ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಾರೆ.

ಮೈಸೂರಿನಲ್ಲಿ ಡ್ರೈವರ್ ನಿಮ್ಮನ್ನು ರೇಷ್ಮೆ, ಗಂಧದ ಅಂಗಡಿಗೆ ಕರೆದೊಯ್ಯಲು ನೋಡಬಹುದು. ನೀವು ಕೊಂಡದ್ದರಲ್ಲಿ ಅವರಿಗೆ ಕಮಿಷನ್ ಇರುತ್ತದೆ. ನನ್ನ ತಂದೆಯೂ ಕರೆದೊಯ್ದಿದ್ದಾರೆ. ಕಾರಿನ ಕಂತು ಕಟ್ಟಬೇಕಾದ ತಿಂಗಳುಗಳಲ್ಲಿ ಹೆಚ್ಚು. ಬೇಡವಾದರೆ ಮೊದಲ ದಿನವೇ ‘ಅಂಗಡಿ ಬೇಡ, ನಿಮ್ಮದನ್ನು ನಾವು ನೋಡಿಕೊಳ್ಳುತ್ತೇವೆ’ ಎಂದು ನೇರವಾಗಿ ಹೇಳಿಬಿಡಿ, ಆಮೇಲೆ ಆ ಮಾತನ್ನು ಉಳಿಸಿಕೊಳ್ಳಿ.

ಊಟಕ್ಕೆ ನಿಮ್ಮ ಮೇಜಿಗೇ ಬರಬೇಕೆಂದು ಒತ್ತಾಯಿಸುವುದು ಒಳ್ಳೆಯ ಮನಸ್ಸಿನಿಂದಲೇ ಇರಬಹುದು. ಆದರೆ ಎಷ್ಟೋ ಡ್ರೈವರ್‌ಗಳಿಗೆ ಬೇಗ ಉಂಡು ಅರ್ಧ ಗಂಟೆ ಬೆನ್ನು ಚಾಚುವುದೇ ಮುಖ್ಯ. ಹೆದ್ದಾರಿಯ ಕೆಲವು ಹೋಟೆಲುಗಳು ಗಿರಾಕಿ ಕರೆತಂದ ಡ್ರೈವರ್‌ಗೆ ಪುಕ್ಕಟೆ ಊಟವನ್ನೂ ಕೊಡುತ್ತವೆ. ಒಮ್ಮೆ ಕರೆಯಿರಿ, ಬೇಡವೆಂದರೆ ಬಿಟ್ಟುಬಿಡಿ.

ಕೊಡುವ ಹೊತ್ತಿನ ಬಗ್ಗೆ ಒಂದು ಮಾತು. ವಿಮಾನ ನಿಲ್ದಾಣದ ನಿರ್ಗಮನ ದ್ವಾರದಲ್ಲಿ ಕಾರು ನಿಲ್ಲಿಸಲು ಬಿಡುವುದಿಲ್ಲ, ಸಾಮಾನು ಇಳಿಸುವ ಗಡಿಬಿಡಿಯಲ್ಲಿ ಟಿಪ್ಸ್ ಮರೆತೇಹೋಗುತ್ತದೆ. ದಾರಿಯಲ್ಲಿ ಕೊನೆಯ ಬಾರಿ ಕಾಫಿಗೆ ನಿಂತಾಗಲೇ ಕೊಡಿ. ಬಾಡಿಗೆಯ ಹಣದೊಂದಿಗೆ ಬೆರೆಸಬೇಡಿ, ಬೆರೆಸಿದರೆ ಮಾಲೀಕನಿಗೆ ಲೆಕ್ಕ ಒಪ್ಪಿಸಬೇಕಾಗುತ್ತದೆ. ಕಾರಿನಲ್ಲಿ ಅಂಟಿಸಿದ ಕ್ಯೂಆರ್ ಕೋಡ್ ಕೂಡ ಮಾಲೀಕನದಿರಬಹುದು. ನೋಟಿನಲ್ಲಿ ಕೊಡಿ, ಇಲ್ಲವೇ ಡ್ರೈವರ್‌ನ ಸ್ವಂತ ನಂಬರ್ ಕೇಳಿ.

ಬೆಂಗಳೂರಿನ ಆ್ಯಪ್ ಟ್ಯಾಕ್ಸಿಗಳ ಬಗ್ಗೆಯೂ ಕೇಳಿದ್ದೀರಿ. ಹತ್ತಿರದ ಪ್ರಯಾಣಕ್ಕೆ ಚಿಲ್ಲರೆ ಬಿಟ್ಟರೆ ಸಾಕು, ಸಾಮಾನು ಎತ್ತಿಕೊಟ್ಟವರಿಗೆ, ಸರಿರಾತ್ರಿಯಲ್ಲಿ ದೇವನಹಳ್ಳಿಯವರೆಗೆ ಬಂದವರಿಗೆ ಐವತ್ತೋ ನೂರೋ. ಕಾರು ಸಿಗುವ ಮೊದಲೇ ಟಿಪ್ಸ್ ಸೇರಿಸಿ ಎಂದು ಆ್ಯಪ್ ಕೇಳುವುದು ಬೇರೆಯೇ ಸಂಗತಿ. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿ ಈ ಮುಂಗಡ ಟಿಪ್ಸ್ ಪದ್ಧತಿಯನ್ನು ಅನೈತಿಕವೆಂದು ಟೀಕಿಸಿದರು, ಗ್ರಾಹಕ ರಕ್ಷಣಾ ಪ್ರಾಧಿಕಾರ ಊಬರ್‌ಗೆ ನೋಟಿಸನ್ನೂ ಕೊಟ್ಟಿತು. ನನ್ನ ಅಭಿಪ್ರಾಯವೂ ಅದೇ: ಸೇವೆ ಸಿಗುವ ಮೊದಲು ಕೊಡುವ ಹಣ ಬಾಡಿಗೆಯ ಏರಿಕೆಯೇ ಹೊರತು ಟಿಪ್ಸ್ ಆಗುವುದಿಲ್ಲ. ಅದರ ಸಿಟ್ಟನ್ನು ಮಾತ್ರ ಡ್ರೈವರ್ ಮೇಲೆ ತೀರಿಸಬೇಡಿ. ಡ್ರೈವರ್‌ನನ್ನು ಕಾಯಿಸುವಾಗಲೂ ಅವರ ಕಷ್ಟ ನೆನಪಿರಲಿ. ರಾಜ್ಯ ಸರ್ಕಾರ 2024ರ ಫೆಬ್ರುವರಿಯಲ್ಲಿ ನಿಗದಿಪಡಿಸಿದ ದರದಲ್ಲಿ ಕಾಯುವುದಕ್ಕೆ ಮೊದಲ 5 ನಿಮಿಷ ಉಚಿತ, ಆಮೇಲೆ ನಿಮಿಷಕ್ಕೆ 1 ರೂಪಾಯಿ. ಒಂದು ಗಂಟೆ ಕಾಯಿಸಿದರೆ 55 ರೂಪಾಯಿ! ಅಂಥ ದಿನ ಕೈ ಸ್ವಲ್ಪ ಸಡಿಲವಾಗಿರಲಿ.

ಕೊನೆಗೆ ನಿಮ್ಮ ದಾರಿಯದೇ ಎರಡು ವಿಷಯ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಊಟಿಯಿಂದ ಹೊರಡುವಾಗ ತಡಮಾಡಿ, ‘ಟಿಪ್ಸ್ ಜಾಸ್ತಿ ಕೊಡುತ್ತೇವೆ, ಬೇಗ ಓಡಿಸಿ’ ಎಂದು ಮಾತ್ರ ಹೇಳಬೇಡಿ. ಗೂಡಲೂರಿನ ತಿರುವುಗಳಲ್ಲಿ ಮಕ್ಕಳು ವಾಂತಿ ಮಾಡಿಕೊಂಡರೆ ಕಾರು ತೊಳೆಸುವ ಖರ್ಚು ಡ್ರೈವರ್‌ನ ಜೇಬಿನಿಂದಲೇ ಹೋಗುತ್ತದೆ. ಪ್ಲಾಸ್ಟಿಕ್ ಕವರುಗಳನ್ನು ಕೈಗೆಟುಕುವಂತೆ ಇಟ್ಟುಕೊಳ್ಳಿ. ಸೀಟು ಹಾಳಾದರೆ ತೊಳೆಸುವ ದುಡ್ಡನ್ನು ಅಲ್ಲಿಯೇ, ಆಗಲೇ ಕೊಟ್ಟುಬಿಡಿ. ಅದನ್ನು ಟಿಪ್ಸ್ ಲೆಕ್ಕಕ್ಕೆ ಸೇರಿಸಬೇಡಿ.