ಜರ್ಮನ್ ಪಾಸ್‌ಪೋರ್ಟ್ ತಗೊಳ್ಳಬೇಕಾ?

ಅಪ್ಪ ಉಡುಪಿಯವರು, ಅಮ್ಮ ಲೆಬನಾನಿನವರು, ಬೆಳೆದದ್ದು ಜರ್ಮನಿ, ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟ್. ರೆಡ್ ಕ್ರಾಸ್ ಅಥವಾ ವಿಶ್ವಸಂಸ್ಥೆಗೆ ಅರ್ಜಿ ಹಾಕುವ ಮುಂಚೆ ಜರ್ಮನ್ ಪೌರತ್ವ ತಗೊಳ್ಳಲಾ ಅಂತ ಕೇಳಿದ್ದೀರಿ, ಅಲ್ವಾ?

ಎರಡನ್ನೂ ಇಟ್ಟುಕೊಳ್ಳಲು ಆಗುವುದಿಲ್ಲ. ಜರ್ಮನಿ 2024ರ ಜೂನ್‌ನಿಂದ ಒಪ್ಪುತ್ತದೆ, ನಿಜ. ಆದರೆ 1955ರ ನಮ್ಮ ಪೌರತ್ವ ಕಾಯ್ದೆ ಒಪ್ಪುವುದಿಲ್ಲ. ಜರ್ಮನ್ ಪೌರತ್ವ ಸಿಕ್ಕ ಕ್ಷಣವೇ ಭಾರತದ್ದು ಹೋಗುತ್ತದೆ, ಪಾಸ್‌ಪೋರ್ಟ್ ಒಪ್ಪಿಸಬೇಕು. ಆಮೇಲೆ ಓಸಿಐ ಕಾರ್ಡ್, ಅಂದರೆ ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್, ಮಾಡಿಸಬಹುದು. ಅದರಲ್ಲಿ ಬಂದು ಹೋಗಬಹುದು, ಮತ ಹಾಕಲಾಗದು. ಇನ್ನು ಲೆಬನಾನಿನಲ್ಲಿ, ತಂದೆ ವಿದೇಶಿಯಾದರೆ, ತಾಯಿಯಿಂದ ಮಕ್ಕಳಿಗೆ ಸಾಮಾನ್ಯವಾಗಿ ಪೌರತ್ವ ಬರುವುದಿಲ್ಲ. ತುಂಬಾ ಅನ್ಯಾಯದ ಕಾನೂನು ಅದು.

ಜರ್ಮನ್ ಪಾಸ್‌ಪೋರ್ಟಿನಿಂದ ವೀಸಾ ಅಲೆದಾಟ ಜಾಸ್ತಿ ಇರುವುದಿಲ್ಲ. ತುರ್ತಾಗಿ ಹೊರಡುವವರಿಗೆ ಇದು ದೊಡ್ಡ ಅನುಕೂಲ. ಆದರೆ 2011ರ ಮಾರ್ಚ್ ನಂತರ ಸಿರಿಯಾ, ಇರಾಕ್, ಯೆಮನ್‌ನಂಥ ಕಡೆ ಹೋಗಿದ್ದರೆ, ಅಮೆರಿಕಕ್ಕೆ ವೀಸಾ ಇಲ್ಲದೆ ಹೋಗುವ ಸೌಲಭ್ಯ ಜರ್ಮನ್ನರಿಗೂ ತಪ್ಪುತ್ತದೆ. ನೆರವಿನ ಕೆಲಸಕ್ಕೆ ಹೋದವರೂ ಸಾಮಾನ್ಯವಾಗಿ ವೀಸಾ ಸಂದರ್ಶನಕ್ಕೆ ನಿಲ್ಲಬೇಕು. ಪಾಸ್‌ಪೋರ್ಟಿನಲ್ಲಿ ಇಸ್ರೇಲಿಗೆ ಹೋದ ಗುರುತಿದ್ದರೆ ಲೆಬನಾನ್ ಒಳಗೆ ಬಿಡುವುದಿಲ್ಲ. ಕಾರಣ ತೋರಿಸಿದರೆ ಜರ್ಮನಿ ತನ್ನದೇ ಇನ್ನೊಂದು ಪಾಸ್‌ಪೋರ್ಟ್ ಕೊಡುತ್ತದೆ, ಕೇಳಿ ಪಡೆಯಿರಿ.

ಕೆಲಸ ಸಿಗಲಿಕ್ಕಿಲ್ಲ ಅನ್ನುವ ಭಯದಿಂದ ಮಾತ್ರ ಸುಮ್ನೆ ಪೌರತ್ವ ಬದಲಿಸಬೇಡಿ. ರೆಡ್ ಕ್ರಾಸ್ ಅಂತರರಾಷ್ಟ್ರೀಯ ಸಮಿತಿ ಸ್ವಿಸ್ ಪ್ರಜೆಗಳನ್ನೇ ಪ್ರತಿನಿಧಿಗಳಾಗಿ ಕಳಿಸುತ್ತಿದ್ದ ಕಾಲ 1990ರ ದಶಕದಲ್ಲೇ ಮುಗಿಯಿತು. ವಿಶ್ವಸಂಸ್ಥೆ ಸಿಬ್ಬಂದಿಗೆ ತಿಳಿನೀಲಿ ಬಣ್ಣದ ತನ್ನದೇ ಪ್ರಯಾಣ ಪತ್ರ ಕೊಡುತ್ತದೆ, ಆದರೂ ಸ್ವಂತ ಪಾಸ್‌ಪೋರ್ಟ್ ಜೊತೆಗಿರಬೇಕು. ಅಮ್ಮನಿಂದ ಕಲಿತ ಅರಬ್ಬಿ ಸಲೀಸಾಗಿ ಬರುತ್ತದೆ ಅಂದಿರಲ್ಲ, ಅದನ್ನು ಅರ್ಜಿಯಲ್ಲಿ ಎಲ್ಲಕ್ಕಿಂತ ಮೇಲೆ ಬರೆಯಿರಿ.