ಮೊದಲು ಪುಟ್ಟ ಬಿಸಿನೆಸ್ ಜೆಟ್ ಮಾಡಿ, ಆಮೇಲೆ ಅದನ್ನೇ ಉದ್ದ ಮಾಡುತ್ತಾ ಹೋದರೆ ಒಂದು ಸರಣಿ ಕಡಿಮೆ ಖರ್ಚಿನಲ್ಲಿ ಆಗುವುದಿಲ್ಲವೇ?

ಮೊದಲು ಆರು ಜನರ ಜೆಟ್, ಅದಕ್ಕೇ ತುಂಡು ಸೇರಿಸಿ ಎಂಟು ಜನರದ್ದು, ಮತ್ತೆ ಹತ್ತು. ನಮ್ಮ ತಂಡದ ಮೊದಲ ಡ್ರಾಯಿಂಗ್ ಕೂಡ ಇದೇ. ಎರಡನೇ ವಿಮಾನದಲ್ಲೇ ಸಿಕ್ಕಿಬಿದ್ದೆವು. ಎಂಜಿನ್‌ನಲ್ಲಲ್ಲ, ಲ್ಯಾಂಡಿಂಗ್ ಗೇರಿನ, ಅಂದರೆ ಚಕ್ರಗಳನ್ನು ಹೊತ್ತ ಚೌಕಟ್ಟಿನ, ಕಾಲಿನ ಉದ್ದದಲ್ಲಿ.

ಟೇಕಾಫ್‌ನಲ್ಲಿ ಮೂತಿ ಎತ್ತುವಾಗ ವಿಮಾನ ಮುಖ್ಯ ಚಕ್ರದ ಮೇಲೆ ತಿರುಗುತ್ತದೆ, ಬಾಲ ಕೆಳಗಿಳಿಯುತ್ತದೆ. ಬಾಲ ರನ್‌ವೇಗೆ ತಾಗುವ ಕೋನವನ್ನು ತೀರ್ಮಾನಿಸುವುದು ಎರಡೇ ಅಳತೆ: ಬಾಲದ ತಳ ನೆಲದಿಂದ ಎಷ್ಟು ಎತ್ತರ, ಚಕ್ರದಿಂದ ಎಷ್ಟು ಹಿಂದೆ. ನಮ್ಮ ಚಿಕ್ಕ ಜೆಟ್‌ನಲ್ಲಿ ಎತ್ತರ 1.25 ಮೀಟರ್, ದೂರ 5 ಮೀಟರ್. ಅಂದರೆ 14 ಡಿಗ್ರಿ. ನೆಲ ಬಿಡಲು 12 ಬೇಕಿತ್ತು, ಸುರಕ್ಷತೆಗೆ 2 ಡಿಗ್ರಿ ಅಂಚು ಉಳಿಯುತ್ತಿತ್ತು. ನೆಮ್ಮದಿಯಾಗಿ ಕಾಲಿನ ಉದ್ದವನ್ನು ಅಂತಿಮಗೊಳಿಸಿದೆವು. ತಪ್ಪು ಅಲ್ಲೇ ಆಯಿತು.

ಉದ್ದ ಮಾಡುವಾಗ ರೆಕ್ಕೆಯ ಮುಂದೆ ಮಾತ್ರ ತುಂಡು ಸೇರಿಸುವ ಹಾಗಿಲ್ಲ. ಗುರುತ್ವ ಕೇಂದ್ರ ಮುಂದಕ್ಕೆ ಸರಿದು ಮೂಗಿನ ಚಕ್ರದ ಮೇಲೆ ಭಾರ ಏರುತ್ತದೆ, ಮೂತಿ ಎತ್ತಲು ಎಲಿವೇಟರ್‌ಗೆ (ಬಾಲದಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿ) ಶಕ್ತಿ ಸಾಲುವುದಿಲ್ಲ. ಹಾಗಾಗಿ ಹಿಂದೆಯೂ 1 ಮೀಟರ್ ಸೇರಿಸಿದೆವು. ದೂರ 6 ಮೀಟರ್ ಆಯಿತು, ಕೋನ 11.8ಕ್ಕೆ ಇಳಿಯಿತು. ಅಂಚು ಉಳಿಸಿಕೊಳ್ಳಬೇಕಾದರೆ 9.8 ಡಿಗ್ರಿಯಲ್ಲೇ ನೆಲ ಬಿಡಬೇಕು. ಆಗ ರೆಕ್ಕೆಯ ಲಿಫ್ಟ್ ಗುಣಾಂಕ (ಅದೇ ವೇಗದಲ್ಲಿ ರೆಕ್ಕೆ ಎಷ್ಟು ಎತ್ತಬಲ್ಲದು ಎಂಬ ಅಳತೆ) 1.3ರಿಂದ 1.1ರ ಆಸುಪಾಸಿಗೆ ಬೀಳುತ್ತದೆ. ಆ ಕೊರತೆಯನ್ನು ವೇಗದಲ್ಲಿ ತುಂಬಬೇಕು: ಸುಮಾರು ಶೇ. 9 ಹೆಚ್ಚು. ಓಟದ ದೂರ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ ರನ್‌ವೇ ಶೇ. 18ರಷ್ಟು ಉದ್ದ ಬೇಕು. ಹೆಚ್ಚಿದ ತೂಕವನ್ನು ಇನ್ನೂ ಲೆಕ್ಕಕ್ಕೇ ಹಿಡಿದಿಲ್ಲ. ಗಿಡ್ಡ ರನ್‌ವೇಯಲ್ಲಿ ಇಳಿದು ಏರಬಲ್ಲದು ಎಂಬುದೇ ಇಂಥ ವಿಮಾನ ಕೊಳ್ಳುವವರ ಒಂದು ಮುಖ್ಯ ಕಾರಣ.

ಕಾಲನ್ನು 25 ಸೆಂ.ಮೀ. ಉದ್ದ ಮಾಡಿದರೆ ಕೋನವೇನೋ ವಾಪಸ್ ಸಿಗುತ್ತದೆ. ಆದರೆ ಮಡಚಿದಾಗ ಎಲ್ಲಿಡುವುದು? ಎರಡೂ ಕಾಲು ಒಳಮುಖವಾಗಿ ಮಡಚಿ ಚಕ್ರಗಳು ವಿಮಾನದ ನಡುಗೆರೆಯ ಹತ್ತಿರ ಬಂದು ನಿಲ್ಲುತ್ತಿದ್ದವು, ನಡುವೆ ಜಾಗವೇ ಇರಲಿಲ್ಲ. ಕಾಲಿನ ತಿರುಗಣಿಯನ್ನು ಹೊರಕ್ಕೆ ಸರಿಸಿದರೆ ಹಿಂದಿನ ಸ್ಪಾರ್‌ನ (ರೆಕ್ಕೆಯ ಉದ್ದಕ್ಕೂ ಹೋಗುವ ತೊಲೆ) ಫಿಟ್ಟಿಂಗ್, ಅಕ್ಕಪಕ್ಕದ ರಿಬ್‌ಗಳು (ರೆಕ್ಕೆಯ ಅಡ್ಡಪಟ್ಟಿಗಳು), ಇಂಧನ ಟ್ಯಾಂಕಿನ ಗೋಡೆ ಎಲ್ಲವೂ ಸರಿಯಬೇಕು. ಅದು ಹೊಸ ರೆಕ್ಕೆಯೇ. ಬಲಪರೀಕ್ಷೆ, ಫೆಟೀಗ್ (ಮತ್ತೆಮತ್ತೆ ಭಾರ ಬಿದ್ದು ಲೋಹ ದಣಿಯುವ) ಪರೀಕ್ಷೆ ಮತ್ತೆ ಮೊದಲಿನಿಂದ. ಹದಿನಾಲ್ಕು ತಿಂಗಳು ಹೋಯಿತು.

ಆದ್ದರಿಂದ "ಚಿಕ್ಕದು ಮೊದಲು" ಎಂಬ ನಿಮ್ಮ ಆಧಾರವನ್ನೇ ನಾನು ಒಪ್ಪುವುದಿಲ್ಲ. ಮೊದಲು ಮಾರುವುದು ಚಿಕ್ಕದನ್ನೇ ಇರಲಿ, ಲೆಕ್ಕ ಹಾಕುವುದು ದೊಡ್ಡದರಿಂದ. ಗೇರಿನ ಕಾಲು ಮತ್ತು ಅದರ ಗೂಡು ಅತಿ ಉದ್ದದ ವಿಮಾನಕ್ಕೆ ತಕ್ಕಂತೆ, ರೆಕ್ಕೆಯ ಬುಡ ಅತಿ ಭಾರದ್ದಕ್ಕೆ ತಕ್ಕಂತೆ ಇರಬೇಕು. ಬಾಲದ ರೆಕ್ಕೆಗಳದ್ದು ಮಾತ್ರ ತಿರುಗುಮುರುಗು: ಚಿಕ್ಕ ವಿಮಾನದಲ್ಲಿ ಬಾಲದ ತೋಳು, ಅಂದರೆ ಗುರುತ್ವ ಕೇಂದ್ರದಿಂದ ಬಾಲಕ್ಕಿರುವ ದೂರ, ಗಿಡ್ಡ, ಹಾಗಾಗಿ ಹೆಚ್ಚು ವಿಸ್ತೀರ್ಣ ಕೇಳುವುದು ಸಾಮಾನ್ಯವಾಗಿ ಅದೇ. ಇದರಿಂದ ಚಿಕ್ಕದು ಒಂದಿಷ್ಟು ಅನಗತ್ಯ ತೂಕ ಹೊರುತ್ತದೆ. ಹೊರಲಿ.

ಸರಣಿ ಎಂದರೆ ಬರೀ ಉದ್ದವೂ ಅಲ್ಲ. ಸೆಸ್ನಾದ ಸೈಟೇಶನ್‌ಜೆಟ್ ನೋಡಿ. 1991ರಲ್ಲಿ ಹಾರಿದ ಮೊದಲನೆಯದು ಸುಮಾರು 13 ಮೀಟರ್ ಉದ್ದ, ಗರಿಷ್ಠ ಟೇಕಾಫ್ ತೂಕ 10,400 ಪೌಂಡ್. 2008ರಲ್ಲಿ ಹಾರಿದ ಅದೇ ಸರಣಿಯ ಸಿಜೆ4 ಉದ್ದದಲ್ಲಿ 16 ಮೀಟರ್ ದಾಟಿತು, ತೂಕ 17,110 ಪೌಂಡ್. ವಿಲಿಯಮ್ಸ್ ಎಫ್‌ಜೆ44 ಎಂಜಿನ್ ಜೊತೆಜೊತೆಗೇ 1,900ರಿಂದ 3,600 ಪೌಂಡ್ ಒತ್ತುಬಲಕ್ಕೆ ಬೆಳೆಯಿತು. ನಡುವೆ ಬಂದ ಸಿಜೆ2, ಸಿಜೆ3ಕ್ಕೆ ರೆಕ್ಕೆಯನ್ನು ಉದ್ದ ಮಾಡಿದರು, ಸಿಜೆ4ಕ್ಕೆ ಬೇರೆ ರೆಕ್ಕೆಯನ್ನೇ ಕೊಟ್ಟರು. ಇಷ್ಟು ಬದಲಾದರೂ ಪೈಲಟ್‌ಗೆ ಟೈಪ್ ರೇಟಿಂಗ್ (ಆ ಬಗೆಯ ವಿಮಾನ ಹಾರಿಸುವ ಅರ್ಹತೆ) ಒಂದೇ, ಒಬ್ಬನೇ ಹಾರಿಸಬಹುದು. ಚಿಕ್ಕದನ್ನು ಕೊಂಡವರು ದೊಡ್ಡದಕ್ಕೆ ಸುಲಭವಾಗಿ ಹೋಗುವುದು ಅದರಿಂದ.

ತೂಕದ ಮಿತಿಗಳನ್ನೂ ಮೊದಲೇ ನೋಡಿಕೊಳ್ಳಿ. 1963ರಲ್ಲಿ ಹಾರಿದ ಲಿಯರ್‌ಜೆಟ್ 23 ಅನ್ನು ಹಗುರ ವಿಮಾನಗಳ ನಿಯಮದಲ್ಲಿ ಉಳಿಸಲು 12,500 ಪೌಂಡ್‌ಗೆ ಕಟ್ಟಿಹಾಕಿದ್ದರು. ಅದರ ಮುಂದಿನ ಮಾದರಿ ಲಿಯರ್‌ಜೆಟ್ 24, ಅಮೆರಿಕದಲ್ಲಿ ದೊಡ್ಡ ವಿಮಾನಗಳಿಗಿರುವ ಭಾಗ 25ರ ನಿಯಮಕ್ಕೆ ಹೋಗಬೇಕಾಯಿತು. ನಿಮ್ಮ ಎರಡು ಮಾದರಿಗಳ ನಡುವೆ ಇಂಥ ಗೆರೆ ಬಿದ್ದರೆ ಸೀಟು, ಬೆಂಕಿ ತಡೆ, ಟೇಕಾಫ್ ಲೆಕ್ಕ ಎಲ್ಲವನ್ನೂ ಮತ್ತೆ ಸಾಬೀತುಪಡಿಸಬೇಕಾಗುತ್ತದೆ.

ಈಗಲೇ ಹತ್ತು ಜನರ ವಿಮಾನದ ಪಕ್ಕನೋಟ ಬಿಡಿಸಿ. ಸ್ಟ್ರಟ್ (ಗೇರಿನ ಕಾಲಿನ ಆಘಾತ ಹೀರುವ ಭಾಗ) ಪೂರ್ತಿ ಕುಗ್ಗಿ ಟೈರ್ ಅದುಮಿದ ಸ್ಥಿತಿಯಲ್ಲಿ, ಅಂದರೆ ಬಿರುಸಾಗಿ ನೆಲ ಮುಟ್ಟಿದ ಕ್ಷಣದಲ್ಲಿ, ಚಕ್ರದಿಂದ ಬಾಲದ ತಳಕ್ಕೆ ಗೆರೆ ಎಳೆದು ಕೋನ ಅಳೆಯಿರಿ. ಆ ಅಂಕಿ ಕೈಗೆ ಬರುವವರೆಗೆ ಆರು ಜನರ ಜೆಟ್‌ನ ಗೇರಿಗೆ ಆರ್ಡರ್ ಕೊಡಬೇಡಿ.